ಗೃಹಯಂತ್ರ ವಿಚಾರ: ಮೈಕಿನ ಗುಂಯ್‌ಕಾರವೂ ಪ್ಲಗ್ಗಿನ ಮೂರನೆಯ ಪಿನ್ನೂ

ಕಂಪ್ಯೂಟರಿನ ಮೈಕಿನಲ್ಲಿ ಕೇಳಬರುವ ಬೇಡದ ಸದ್ದಿನ ವಿಷಯವಾಗಿ ನಮ್ಮ ವಾಚಕರು ಆಗಾಗ್ಗೆ ಬರೆದು ಕೇಳುತ್ತಲೇ ಇರುತ್ತಾರೆ. ಈ ತಿಂಗಳು ಬಂದಿರುವ ಕಾಗದಗಳಲ್ಲಿ ಒಂದು ಮಾತ್ರ ಉಳಿದವುಗಳಂತೆ ಸರದಿಯನ್ನು ಕಾಯತಕ್ಕದ್ದಲ್ಲವಾದುದರಿಂದ ಅದನ್ನೇ ಮೊದಲು ಎತ್ತಿಕೊಂಡಿದ್ದೇವೆ. ಬರೆದಿರುವವರು ಸಂಗೀತಪಾಠ ಹೇಳತಕ್ಕ ಗೃಹಸ್ಥರು. ಶಿಷ್ಯರಲ್ಲಿ ಕೆಲವರು ಪರದೇಶದಲ್ಲಿ ನೆಲಸಿರುವ ಕನ್ನಡಿಗರ ಮಕ್ಕಳು. ಅವರ ಸ್ವಂತ ಮೊಮ್ಮಗಳೂ ಅದರಲ್ಲೊಬ್ಬಳು. ಮನೆಯಲ್ಲಿ ಭಜನೆಗೆಂದು ಇಟ್ಟುಕೊಂಡಿದ್ದ ಆಂಪ್ಲಿಫಯರಿಗೆ ಮೈಕನ್ನು ಜೋಡಿಸಿ, ಅಲ್ಲಿಂದ ಒಂದು ತಂತಿಯನ್ನು ಕಂಪ್ಯೂಟರಿಗೆ ಎಳೆದು, ಪಾಠವನ್ನು ನಡೆಯಿಸುತ್ತಾರೆ. ಹಾಡನ್ನೇ ಮುಚ್ಚಿಬಿಡುವಂತೆ ಗುಂಯ್ ಎಂಬ ಸದ್ದು ಆ ಕಡೆಯ ಮಕ್ಕಳಿಗೆ ಕೇಳಿಸುತ್ತಿದ್ದಿತಂತೆ. ಒಂದಲ್ಲದೆ ಎರಡು ಹೊಸ ಮೈಕುಗಳನ್ನು ಕೊಂಡು ನೋಡಿದರೂ ಸದ್ದು ಹೋಗಲಿಲ್ಲ. ಕೊನೆಗೆ ಕರೆಸಿದ ಕೆಲಸಗಾರನು ಕಂಪ್ಯೂಟರಿನ ಪ್ಲಗ್ಗಿನಲ್ಲಿದ್ದ ದಪ್ಪನೆಯ ಮೂರನೆಯ ಪಿನ್ನನ್ನು ಕತ್ತರಿಸಿ ತೆಗೆದನು. ಸದ್ದು ಆ ಕ್ಷಣವೇ ನಿಂತುಹೋಯಿತು. ಆದರೆ ಈಗ ಕಂಪ್ಯೂಟರಿನ ಪೆಟ್ಟಿಗೆಯನ್ನು ಮುಟ್ಟಿದರೆ ಒಮ್ಮೊಮ್ಮೆ ಮಾತ್ರ ಕೈ ಜುಮ್ಮೆನ್ನುತ್ತದೆಂದೂ, ಇದನ್ನು ಹೀಗೆಯೇ ಬಿಡಬಹುದೇ ಎಂದೂ, ಮೂರನೆಯ ಮೈಕೊಂದನ್ನು ಕೊಳ್ಳುವುದು ಲೇಸೇ ಎಂದೂ ಕೇಳಿರುತ್ತಾರೆ.

ಹೀಗೆಯೇ ಬಿಡಕೂಡದು. ಈ ಮಹನೀಯರೂ, ಇವರಂತೆಯೇ ಮಾಡಿಕೊಂಡಿರುವ ಬೇರೆ ವಾಚಕರಿದ್ದರೆ ಅವರೂ, ಈ ಲೇಖನದ ಉಳಿದ ಭಾಗವನ್ನು ಓದುವುದಕ್ಕೆ ಮುಂಚೆ ಕಂಪ್ಯೂಟರನ್ನು ನಿಲ್ಲಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕೆಂದು ಬೇಡುತ್ತೇವೆ. ಮೇಜಿನ ಕಂಪ್ಯೂಟರಿನ ಕರೆಂಟು ತಂತಿಯು ಪೆಟ್ಟಿಗೆಯಿಂದ ಕಳಚಿಬರುವಂಥದು. ಮೂರು ಪಿನ್ನುಗಳೂ ಸರಿಯಾಗಿರುವ ಹೊಸ ತಂತಿಯು ಎಲ್ಲ ಅಂಗಡಿಗಳಲ್ಲಿಯೂ ಸಿಕ್ಕುತ್ತದೆ. ಅದು ಬರುವವರೆಗೆ ಪಾಠವು ನಿಂತರೂ ಚಿಂತೆಯಿಲ್ಲ.

ಆ ಪಿನ್ನಿಗೂ ಮೈಕಿನ ಸದ್ದಿಗೂ ಏನು ಸಂಬಂಧವೆಂಬುದನ್ನು ತಿಳಿಯಬೇಕಾದರೆ ಮೈಕಿನ ಸ್ವಭಾವವನ್ನು ಸ್ವಲ್ಪ ಅರಿತಿರಬೇಕು. ನಾವು ಆಡುವ ಮಾತಿನಿಂದ ಮೈಕಿನಲ್ಲಿ ಹುಟ್ಟುವ ವಿದ್ಯುತ್ತು ಬಹಳ ಅಲ್ಪ. ಒಂದು ವೋಲ್ಟನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಗೋಡೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟು. ಇಂಥ ಹೊಳೆಯ ಪಕ್ಕದಲ್ಲಿ ಅಂಥ ಹನಿಯನ್ನು ಕಾಪಾಡಿಕೊಂಡು ಹೋಗುವುದು ಸುಲಭವಲ್ಲ. ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಸಣ್ಣ ಮೈಕುಗಳು ಬಹುಮಟ್ಟಿಗೆ ಎಲೆಕ್ಟ್ರೆಟ್ ಎಂಬ ಜಾತಿಯವು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜೇಮ್ಸ್ ವೆಸ್ಟ್, ಗೆರ್ಹಾರ್ಡ್ ಸೆಸ್ಲರ್ ಎಂಬಿಬ್ಬರು ಅದನ್ನು ಕಂಡುಹಿಡಿದರು. ಅದರೊಳಗಿನ ಪುಟ್ಟ ಭಾಗವೊಂದು ಕೆಲಸ ಮಾಡಲು ಬೇಕಾದ ಕೆಲವು ವೋಲ್ಟುಗಳನ್ನು ಕಂಪ್ಯೂಟರೇ ಕೊಡಬೇಕು. ಆ ವಿದ್ಯುತ್ತಿನಲ್ಲಿ ಕಲ್ಮಷವಿದ್ದರೆ ಅದು ಧ್ವನಿಯೊಡನೆ ಬೆರೆತುಬಿಡುತ್ತದೆ. ಆದುದರಿಂದ ಸದ್ದು ಕೇಳಿಸಿತೆಂದರೆ ಮೈಕೇ ಕೆಟ್ಟಿದೆಯೆಂದು ಹೇಳುವುದಕ್ಕಾಗದು. ಹೆಚ್ಚಿನ ಮನೆಗಳಲ್ಲಿ ದೋಷವು ಮೈಕಿನಲ್ಲಿರದೆ ಧ್ವನಿಯು ಬರುವ ದಾರಿಯಲ್ಲಿರುತ್ತದೆ.

ದಾರಿಯಲ್ಲಿ ಎಲ್ಲಿ ಎಂಬುದನ್ನು ಕಿವಿಯೇ ಹೇಳಬಲ್ಲುದು. ಕಂಪ್ಯೂಟರಿನಲ್ಲಿ ಧ್ವನಿಮುದ್ರಣದ ಸಾಧನವೊಂದು ಇದ್ದೇ ಇರುತ್ತದೆ. ಮನೆಯಲ್ಲಿ ಗದ್ದಲವಿಲ್ಲದಾಗ, ಮೈಕನ್ನು ಎಂದಿನ ಸ್ಥಳದಲ್ಲಿಯೇ ಇಟ್ಟು, ಹತ್ತು ಸೆಕೆಂಡು ಸುಮ್ಮನಿದ್ದು, ಆ ಮೌನವನ್ನು ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಬೇಕು. ಸದ್ದು ಮೂರು ಬಗೆಯಲ್ಲಿ ಯಾವುದೋ ಒಂದಾಗಿರುತ್ತದೆ: ಸುಯ್ ಎಂದು ಗಾಳಿ ಬೀಸಿದಂತಿರುವುದು, ಚಟಪಟ ಎಂದು ಒಡೆದೊಡೆದು ಬರುವುದು, ಇಲ್ಲವೆ ಗುಂಯ್ ಎಂದು ಒಂದೇ ಸಮನೆ ಮೊರೆಯುವುದು.

ಸುಯ್ ಎಂಬುದು ಬಡಪಾಯಿ ದೋಷ. ಧ್ವನಿಯನ್ನು ಅತಿಯಾಗಿ ಹಿಗ್ಗಿಸಿದ್ದರಿಂದ ಅದು ಬರುತ್ತದೆ. ತಂತಿಯೊಳಗಿನ ಕಣಗಳು ಶಾಖದಿಂದ ಸದಾ ಅಲುಗಾಡುತ್ತಿರುವ ಕಾರಣ ಎಲ್ಲ ವಿದ್ಯುದ್ಯಂತ್ರಗಳಲ್ಲಿಯೂ ಸ್ವಲ್ಪ ಸುಯಿಲು ಇರತಕ್ಕದ್ದೇ. ಜಾನ್ಸನ್, ನೈಕ್ವಿಸ್ಟ್ ಎಂಬ ವಿಜ್ಞಾನಿಗಳು 1928ರಲ್ಲಿ ಇದನ್ನು ಲೆಕ್ಕಸಮೇತ ತೋರಿಸಿಕೊಟ್ಟರು. ಪೂರ್ತಿ ಹೋಗಲಾಡಿಸಲಾಗದಿದ್ದರೂ ತಗ್ಗಿಸಬಹುದು. ವಿಂಡೋಸ್ ಕಂಪ್ಯೂಟರುಗಳಲ್ಲಿ ಸೌಂಡ್ ಎಂಬ ಹಳೆಯ ಫಲಕವನ್ನು ತೆರೆದು, ರೆಕಾರ್ಡಿಂಗ್ ಎಂಬಲ್ಲಿ ನಮ್ಮ ಮೈಕನ್ನು ಆರಿಸಿ, ಪ್ರಾಪರ್ಟೀಸ್, ಲೆವೆಲ್ಸ್ ಎಂದು ಮುಂದುವರಿದರೆ 'ಮೈಕ್ರೋಫೋನ್ ಬೂಸ್ಟ್' ಎಂಬುದು ಅನೇಕ ಯಂತ್ರಗಳಲ್ಲಿ ಕಾಣುವುದು. ಅಲ್ಲಿ 20 ಡೆಸಿಬೆಲ್ ಎಂದಿದ್ದರೆ ಧ್ವನಿಯ ವೋಲ್ಟು ಹತ್ತು ಪಟ್ಟು, 30 ಎಂದಿದ್ದರೆ ಸುಮಾರು ಮೂವತ್ತೆರಡು ಪಟ್ಟು ಹಿಗ್ಗುತ್ತಿದೆಯೆಂದು ಅರ್ಥ. ಜೊತೆಗೆ ಸದ್ದೂ ಅಷ್ಟೇ ಪಟ್ಟು. ಅದನ್ನು 10ಕ್ಕೋ ಸೊನ್ನೆಗೋ ಇಳಿಸಿ, ಮೈಕನ್ನು ಬಾಯಿಗೆ ಹತ್ತಿರ ತರಬೇಕು. ಎರಡು ಗೇಣು ದೂರವಿದ್ದುದನ್ನು ಒಂದು ಗೇಣಿಗೆ ತಂದರೆ ಮಾತು ಸುಮಾರು ಎರಡರಷ್ಟು ಬಲವಾಗಿ ಮೈಕನ್ನು ಮುಟ್ಟುವುದು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಚಟಪಟ ಸದ್ದಿಗೆ ಕಾರಣಗಳು ಹಲವು. ರೇಡಿಯೋ ಕಾಲದಲ್ಲಿ (ನಮ್ಮ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 'ಆಕಾಶವಾಣಿ'ಯನ್ನು ನಡೆಯಿಸತೊಡಗಿದ್ದು 1935ರಲ್ಲಿ) ಇಂಥ ಸದ್ದು ಮಿಂಚುಗುಡುಗುಗಳ ದಿನ ಆಕಾಶದಿಂದಲೇ ಇಳಿದುಬರುತ್ತಿದ್ದಿತು. ಮೈಕಿನ ಚಟಪಟವಾದರೋ ಮನೆಯೊಳಗಿನದು. ಪ್ಲಗ್ಗಿನ ಬುಡದಲ್ಲಿ ತಂತಿಯನ್ನು ಮೆಲ್ಲಗೆ ಅಲುಗಿಸಿದಾಗ ಸದ್ದು ಹೆಚ್ಚಾದರೆ ಒಳಗೆ ಎಳೆ ಮುರಿದಿದೆ, ಇಲ್ಲವೆ ತೂತಿನಲ್ಲಿ ಧೂಳು ಸೇರಿದೆ. ಮೊಬೈಲ್ ಫೋನಿನ ಹೆಡ್‌ಸೆಟ್ಟನ್ನು ಮೇಜಿನ ಕಂಪ್ಯೂಟರಿಗೆ ಸಿಕ್ಕಿಸುವವರೂ ಉಂಟು. ಫೋನಿನ ಪ್ಲಗ್ಗಿನ ಮೇಲೆ ಮೂರು ಕರಿಯ ಬಳೆಗಳಿರುತ್ತವೆ, ಕಂಪ್ಯೂಟರಿನ ಪ್ರತ್ಯೇಕ ಮೈಕು ತೂತಿಗೆ ಎರಡು ಬಳೆಗಳದು ಬೇಕು; ನಡುವೆ ಎರಡು ಕವಲಿನ ಅಗ್ಗದ ಜೋಡಕವಿಲ್ಲದೆ ಅವು ಹೊಂದುವುದಿಲ್ಲ. ತಂತಿ ಅಲುಗಿಸಿದರೂ ಹೆಚ್ಚುಕಡಿಮೆಯಾಗದೆ, ಕಂಪ್ಯೂಟರಿಗೆ ಕೆಲಸ ಹೆಚ್ಚಾದಾಗಲಷ್ಟೆ ಚಟಪಟ ಬರುತ್ತಿದ್ದರೆ ಅದು ವಿದ್ಯುತ್ತಿನ ದೋಷವಲ್ಲ; ಯಂತ್ರಕ್ಕೆ ಧ್ವನಿಯನ್ನು ಹೊತ್ತು ಹೊತ್ತಿಗೆ ಸಾಗಿಸಲು ಬಿಡುವು ಸಿಕ್ಕುತ್ತಿಲ್ಲ. ಬೇಡದ ಕಿಟಕಿಗಳನ್ನು ಮುಚ್ಚಿ, ಧ್ವನಿಯ ಡ್ರೈವರನ್ನು ಹೊಸದು ಮಾಡಿ ನೋಡಬೇಕು. 2ಜಿ ಸಂಪರ್ಕದ ಮೊಬೈಲು ಮೇಜಿನ ಮೇಲಿದ್ದರೆ, ಕರೆ ಬರುವ ಮುನ್ನ ಟರ್‌ಟರ್ ಎಂದು ಕೇಳುವುದು ಸರ್ವವಿದಿತ. ಅದನ್ನು ದೂರ ಇಟ್ಟರೆ ಮುಗಿಯಿತು.

ಇನ್ನು ಗುಂಯ್ ಎಂಬುದು. ಮೇಲಿನ ಕಾಗದದಲ್ಲಿ ಬಂದಿರುವುದು ಇದೇ. ಮನೆಗಳಲ್ಲಿ ಹೆಚ್ಚು ಹಣವನ್ನು ನುಂಗುವುದೂ ಇದೇ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುವಂಥದು. ಅದು ಧ್ವನಿಯ ದಾರಿಗೆ ನುಸುಳಿದರೆ 50ರ ಮತ್ತು ಅದರ ಇಮ್ಮಡಿಯಾದ 100ರ ಕಂಪನಗಳು ಮೊರೆತವಾಗಿ ಕೇಳುತ್ತವೆ. ಹಾರ್ಮೋನಿಯಮ್ಮಿನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವವರ ಮಂದ್ರ ಪಂಚಮವು ಸುಮಾರು 98 ಕಂಪನಗಳದ್ದು. ಅಂದರೆ ಈ ಮೊರೆತವು ಪಂಚಮಕ್ಕೆ ಹತ್ತಿರವಿದ್ದೂ ಪಂಚಮವಲ್ಲದೆ, ಸ್ವಲ್ಪ ಏರಿ, ತಂಬೂರಿಯೊಡನೆ ಜಗಳವಾಡುತ್ತ ನಿಂತಿರುತ್ತದೆ. ಎಳೆಯ ಮಕ್ಕಳ ಕಿವಿಗೆ ಪ್ರತಿದಿನ ಇದನ್ನು ಹಾಕಿ ಶ್ರುತಿಜ್ಞಾನವನ್ನು ಬಯಸುವುದು ಕಷ್ಟ. ಮೇಷ್ಟರ ಚಿಂತೆ ಸಕಾರಣವಾದುದೇ.

ಗುಂಯ್‌ಕಾರವನ್ನು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದೇ ಇಲ್ಲ. ಮೊದಲು ಪೆಟ್ಟಿಗೆಯ ಮುಂಭಾಗದ ತೂತನ್ನು ಬಿಟ್ಟು ಹಿಂಭಾಗದ ತೂತಿಗೆ ಮೈಕನ್ನು ಹಾಕಿ ನೋಡಬೇಕು. ಮುಂಭಾಗದಿಂದ ಹೋಗುವ ಎಳೆಯು ಪೆಟ್ಟಿಗೆಯೊಳಗೆ ಫ್ಯಾನು, ವಿದ್ಯುತ್ ಪೆಟ್ಟಿಗೆ ಮೊದಲಾದವುಗಳ ಪಕ್ಕದಲ್ಲಿ ಸುತ್ತಿಕೊಂಡು ಹೋಗುತ್ತದೆ. ಹಿಂಭಾಗದ ತೂತುಗಳು ನೇರವಾಗಿ ಮುಖ್ಯ ಫಲಕದ ಮೇಲೆಯೇ ಇರುತ್ತವೆ. ಇಷ್ಟರಿಂದಲೇ ಅನೇಕರ ತೊಂದರೆ ಹೋಗಿಬಿಡುವುದುಂಟು. ತರುವಾಯ ಮೈಕಿನ ತಂತಿಯನ್ನು ಕರೆಂಟು ತಂತಿಗಳಿಂದ ಬೇರ್ಪಡಿಸಬೇಕು. ಅಂದವಾಗಿ ಕಾಣಲೆಂದು ಎಲ್ಲವನ್ನೂ ಒಟ್ಟಿಗೆ ದಾರದಿಂದ ಬಿಗಿದಿಡುವ ಅಭ್ಯಾಸವು ಇಲ್ಲಿ ಸಲ್ಲದು. ಆ ಮೇಲೆ ಕೋಣೆಯ ಫ್ಯಾನಿನ ರೆಗ್ಯುಲೇಟರು, ಅಗ್ಗದ ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು ಇವನ್ನು ಒಂದೊಂದಾಗಿ ಆರಿಸಿ ಕೇಳಬೇಕು. ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ಮಾತ್ರ ಸದ್ದು ಬರುವುದಾದರೆ, ಆ ಇನ್ವರ್ಟರು ಕೊಡುವ ವಿದ್ಯುತ್ತು ನಯವಾದ ಅಲೆಯಾಗಿರದೆ ಮೂಲೆಮೂಲೆಯಾಗಿರುವ ಹಳೆಯ ಜಾತಿಯದಾಗಿರಬಹುದು.

ಯು.ಎಸ್.ಬಿ. ತೂತಿಗೆ ಸಿಕ್ಕಿಸುವ ಮೈಕು, ಅಥವಾ ಹೆಬ್ಬೆರಳು ಗಾತ್ರದ ಯು.ಎಸ್.ಬಿ. ಸೌಂಡ್ ಕಾರ್ಡು, ಇವು ಧ್ವನಿಯನ್ನು ಪೆಟ್ಟಿಗೆಯ ಹೊರಗೇ ಅಂಕಿಗಳಾಗಿ ಮಾರ್ಪಡಿಸಿ ಒಳಗೆ ಕಳಿಸುತ್ತವಾದುದರಿಂದ ಪೆಟ್ಟಿಗೆಯೊಳಗಿನ ಗದ್ದಲವು ಬಹಳ ಮಟ್ಟಿಗೆ ತಪ್ಪುತ್ತದೆ. ಒಬ್ಬರೇ ಕುಳಿತು ಮಾತನಾಡುವವರಿಗೆ, ಪಾಠ ಕೇಳುವ ಮಕ್ಕಳಿಗೆ, ಉದ್ಯೋಗದ ಸಂದರ್ಶನಕ್ಕೆ ಕೂರುವವರಿಗೆ ಇದೇ ಸಾಕೆಂಬುದು ನಮ್ಮ ಅಭಿಪ್ರಾಯ.

ಆದರೆ ಆಂಪ್ಲಿಫಯರು ನಡುವೆ ಬಂದರೆ ಕಥೆಯೇ ಬೇರೆ. ಆಂಪ್ಲಿಫಯರಿಗೂ ಮೂರು ಪಿನ್ನಿನ ಪ್ಲಗ್ಗು, ಕಂಪ್ಯೂಟರಿಗೂ ಮೂರು ಪಿನ್ನಿನ ಪ್ಲಗ್ಗು. ಒಂದು ದೇವರಮನೆಯ ಬಳಿ, ಇನ್ನೊಂದು ನಡುಮನೆಯ ಕಿಟಕಿಯ ಬಳಿ. ಎರಡರ ದಪ್ಪ ಪಿನ್ನುಗಳೂ ಗೋಡೆಯೊಳಗಿನ ತಂತಿಗಳ ಮೂಲಕ ಹಿತ್ತಲಿನ ಭೂಮಿಯನ್ನು ಸೇರುತ್ತವೆ. ಇದನ್ನೇ ಎಲ್ಲರೂ ಅರ್ತಿಂಗ್ ಎನ್ನುವುದು. ಈಗ ಎರಡು ಯಂತ್ರಗಳ ನಡುವೆ ಧ್ವನಿಯ ತಂತಿಯನ್ನು ಎಳೆದೊಡನೆ ಅವು ಇನ್ನೊಂದು ದಾರಿಯಿಂದಲೂ ಸೇರಿಕೊಂಡು, ಗೋಡೆಯ ಭೂತಂತಿಯೂ ಧ್ವನಿಯ ತಂತಿಯ ಹೊರಗವಚವೂ ಕೂಡಿ ದೊಡ್ಡದೊಂದು ಬಳೆಯಾಗುತ್ತದೆ. ಎರಡು ಕಡೆಯ ಭೂಮಟ್ಟಗಳಲ್ಲಿ ಅತ್ಯಲ್ಪ ವ್ಯತ್ಯಾಸವಿದ್ದರೂ ಸಾಕು, ಬಳೆಯಲ್ಲಿ 50ರ ಕರೆಂಟು ಸುತ್ತತೊಡಗಿ ಹಾಡಿನೊಳಗೆ ಸೇರುತ್ತದೆ. ಮೈಕನ್ನು ಎಷ್ಟು ಸಲ ಬದಲಾಯಿಸಿದರೇನು? ಬಳೆಯು ಹಾಗೆಯೇ ಇರುವುದು.

ಪಿನ್ನನ್ನು ಕತ್ತರಿಸಿದ ಕೆಲಸಗಾರನು ಬಳೆಯನ್ನೇನೋ ಒಡೆದನು. ಆದರೆ ಒಡೆಯಬಾರದ ಕಡೆ ಒಡೆದನು. ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಲ್ಲಿ ಕರೆಂಟಿನ ಎರಡು ತಂತಿಗಳಿಂದಲೂ ಲೋಹದ ಮೈಗೆ ಒಂದೊಂದು ಸಣ್ಣ ಕಪಾಸಿಟರು ಇರುತ್ತದೆ. ಅವುಗಳಿಂದ ಒಸರುವ ಅಲ್ಪ ಕರೆಂಟು ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಇಳಿದುಹೋಗಬೇಕೆಂಬುದು ಏರ್ಪಾಡು. ಪಿನ್ನು ಇಲ್ಲದಿದ್ದರೆ ಪೆಟ್ಟಿಗೆಯ ಮೈಯೆಲ್ಲ 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಒಸರುವಿಕೆ ಅತ್ಯಲ್ಪವಾದುದರಿಂದ ಕೈ ಜುಮ್ಮೆನ್ನುವುದಷ್ಟೆ. ಹಾಗಾದರೆ ಒಮ್ಮೊಮ್ಮೆ ಮಾತ್ರ ಏಕೆ? ಧ್ವನಿಯ ತಂತಿಯು ಸಿಕ್ಕಿಸಿರುವಾಗ ಅದರ ಕೂದಲೆಳೆಯಂಥ ಹೊರಗವಚವೇ ಕಂಪ್ಯೂಟರಿಗೆ ಭೂತಂತಿಯಾಗಿ, ಆಂಪ್ಲಿಫಯರಿನ ಪಿನ್ನಿನ ಮೂಲಕ ಭೂಮಿಯನ್ನು ಮುಟ್ಟಿಸುತ್ತಿರುತ್ತದೆ. ಕಸ ಗುಡಿಸಲೆಂದೋ ಆಂಪ್ಲಿಫಯರನ್ನು ಭಜನೆಗೆ ಒಯ್ಯಲೆಂದೋ ಆ ತಂತಿಯನ್ನು ಕಿತ್ತ ದಿನ ಪೆಟ್ಟಿಗೆಯು ಜುಮ್ಮೆನ್ನುತ್ತದೆ.

ಜುಮ್ಮೆನ್ನುವುದು ಸಹಿಸತಕ್ಕದ್ದೇ ಎಂದು ಕೆಲವರು ಹೇಳುವರು. ನಮಗಿರುವ ಭಯ ಅದಲ್ಲ. ಒಳಗಿನ ತಂತಿಯೊಂದರ ಹೊದಿಕೆಯು ಸವೆದೋ ಇಲಿ ಕಡಿದೋ ಮೈಗೆ ತಗುಲಿತೆನ್ನಿ. ಮೂರನೆಯ ಪಿನ್ನಿದ್ದರೆ ಭಾರಿ ಕರೆಂಟು ಒಮ್ಮೆಗೇ ಭೂಮಿಗೆ ಧುಮುಕಿ, ಫ್ಯೂಸು ಹೋಗುವುದು ಅಥವಾ ಎಂ.ಸಿ.ಬಿ. ಕೆಳಗೆ ಬೀಳುವುದು, ಮನೆಯವರಿಗೆ ತಿಳಿಯುವುದು. ಪಿನ್ನಿಲ್ಲದಿದ್ದರೆ ಏನೂ ಆಗದು, ದೀಪವೂ ಆರದು; ಪೆಟ್ಟಿಗೆಯು 230 ವೋಲ್ಟನ್ನು ಹೊತ್ತು ಸುಮ್ಮನೆ ಕುಳಿತಿರುವುದು, ಒದ್ದೆ ಕಾಲಿನಲ್ಲಿ ಬಂದು ಮುಟ್ಟುವವರೆಗೆ. ಆ ಪಿನ್ನನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಮಾಡಿರುವುದು ಅಂದಕ್ಕಲ್ಲ. ಪ್ಲಗ್ಗನ್ನು ಹಾಕುವಾಗ ಅದು ಮೊದಲು ಮುಟ್ಟಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಮೂರು ಪಿನ್ನನ್ನು ಎರಡಾಗಿಸುವ ಜೋಡಕಗಳನ್ನು ಮಧ್ಯೆ ಹಾಕುವುದೂ ಕತ್ತರಿಸಿದಂತೆಯೇ ಸರಿ.

ಹಾಗಾದರೆ ಬಳೆಯನ್ನು ಎಲ್ಲಿ ಒಡೆಯಬೇಕು? ಮೊದಲನೆಯದಾಗಿ, ಒಡೆಯದೆಯೇ ಕಿರಿದು ಮಾಡಿ ನೋಡಬಹುದು: ಎರಡು ಯಂತ್ರಗಳ ಪ್ಲಗ್ಗುಗಳನ್ನೂ ಒಳ್ಳೆಯ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು ಒಂದಕ್ಕೇ ಸಿಕ್ಕಿಸಿ, ಆ ಬೋರ್ಡನ್ನು ಗೋಡೆಯ ಒಂದೇ ತೂತಿಗೆ ಹಾಕುವುದು. ಭೂಮಟ್ಟದ ವ್ಯತ್ಯಾಸವು ಬಹುತೇಕ ಅಳಿದುಹೋಗುತ್ತದೆ. ಇಷ್ಟರ ಮೇಲೂ ಗುಂಯ್ ಎಂದರೆ ಧ್ವನಿಯ ತಂತಿಯಲ್ಲಿ ಒಡೆಯಬೇಕು, ಕರೆಂಟು ತಂತಿಯಲ್ಲಲ್ಲ. ಅದಕ್ಕೆಂದೇ 'ಗ್ರೌಂಡ್ ಲೂಪ್ ಐಸೊಲೇಟರ್' ಎಂಬ ಪುಟ್ಟ ಡಬ್ಬಿಯು ಮಾರಾಟಕ್ಕಿದೆ. ಅದರೊಳಗೆ ಸಣ್ಣ ಟ್ರಾನ್ಸ್‌ಫಾರ್ಮರುಗಳಿದ್ದು, ಹಾಡು ಅಯಸ್ಕಾಂತದ ಮೂಲಕ ದಾಟಿಹೋಗುವುದು. ತಂತಿಗೆ ತಂತಿ ಮಾತ್ರ ಮುಟ್ಟುವುದಿಲ್ಲ. ಆಂಪ್ಲಿಫಯರಿಗೂ ಕಂಪ್ಯೂಟರಿಗೂ ನಡುವೆ ಅದನ್ನು ಹಾಕಿದರೆ ಪಿನ್ನನ್ನು ಕತ್ತರಿಸಿ ಪಡೆದ ನಿಶ್ಶಬ್ದವೇ ದೊರೆಯುವುದು, ಅಪಾಯವಿಲ್ಲದೆ.

ಜೋಡಿಸುವಾಗ ತೂತನ್ನು ನೋಡಿಕೊಳ್ಳುವುದು ಅವಶ್ಯ. ಗುಲಾಬಿ ಬಣ್ಣದ್ದು ಮೈಕಿಗೆ, ಹಸಿರು ಬಣ್ಣದ್ದು ಸ್ಪೀಕರಿಗೆ, ತಿಳಿನೀಲಿಯದು ಆಂಪ್ಲಿಫಯರಿನಂಥ ಬೇರೆ ಯಂತ್ರದಿಂದ ಬರುವ ಧ್ವನಿಗೆ. ಆಂಪ್ಲಿಫಯರಿನ 'ಲೈನ್ ಔಟ್' ಎಂಬಲ್ಲಿಂದ ಬರುವ ಧ್ವನಿಯು ಒಂದು ವೋಲ್ಟಿನ ಆಸುಪಾಸಿನದು. ಅದನ್ನು ಗುಲಾಬಿ ತೂತಿಗೆ ಹಾಕಿದರೆ ಮಾತು ಒಡೆದು ಕರ್ಕಶವಾಗುತ್ತದೆ, ಮೊರೆತವೂ ಇಮ್ಮಡಿಸುತ್ತದೆ. ಸ್ಪೀಕರಿಗೆಂದು ಇರುವ ತಂತಿಯನ್ನಂತೂ ಕಂಪ್ಯೂಟರಿನ ಯಾವ ತೂತಿಗೂ ಮುಟ್ಟಿಸಕೂಡದು, ಫಲಕವೇ ಸುಟ್ಟುಹೋದೀತು.

ಮೂರನೆಯ ಪಿನ್ನು ಇದ್ದೂ ಪ್ರಯೋಜನವಿಲ್ಲದ ಮನೆಗಳೂ ಇವೆಯೆಂಬುದನ್ನು ಮರೆಯಬಾರದು. ಹಳೆಯ ಮನೆಗಳ ಹಿತ್ತಲಲ್ಲಿ ಇದ್ದಿಲು, ಉಪ್ಪುಗಳನ್ನು ತುಂಬಿ, ನಡುವೆ ಕೊಳವೆ ನಿಲ್ಲಿಸಿದ ಭೂಕುಳಿಯಿರುತ್ತದೆ. ಅದರ ಸುತ್ತಲ ಮಣ್ಣು ತೇವವಾಗಿದ್ದರೆ ಮಾತ್ರ ಅದು ಕೆಲಸಕ್ಕೆ ಬರುವುದು. ಬೇಸಗೆಯಲ್ಲಿ ಗಿಡಕ್ಕೆ ಹಾಕುವಾಗ ಅದಕ್ಕೂ ಒಂದು ಕೊಡ ನೀರು ಹಾಕುತ್ತಿದ್ದ ಹಿರಿಯರು ತಿಳಿದೇ ಹಾಕುತ್ತಿದ್ದರು. ಈಗ ಅನೇಕ ಕಡೆ ಅದರ ಮೇಲೆ ಸಿಮೆಂಟು ಮೆತ್ತಿ ವಾಹನ ನಿಲ್ಲಿಸಿರುತ್ತಾರೆ. ಎಲೆಕ್ಟ್ರಿಷಿಯನ್ನನನ್ನು ಕರೆಸಿ ಮೀಟರಿನಿಂದ ಅಳೆಯಿಸಬೇಕು. ಫೇಸಿಗೂ ಅರ್ತಿಗೂ ನಡುವೆ ಸುಮಾರು 230 ವೋಲ್ಟು, ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಎರಡು ಮೂರು ವೋಲ್ಟಿನೊಳಗೆ ಬರುವುದು ಒಳ್ಳೆಯ ಲಕ್ಷಣ. ಆದರೆ ಬೋರ್ಡಿನೊಳಗೆ ನ್ಯೂಟ್ರಲ್ಲನ್ನೂ ಅರ್ತನ್ನೂ ತುಂಡು ತಂತಿಯಿಂದ ಸೇರಿಸಿ ಮೀಟರನ್ನು ಮೋಸಗೊಳಿಸುವ ಕೆಟ್ಟ ಪದ್ಧತಿಯೊಂದಿದೆ. ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದರೆ ಯಂತ್ರಗಳ ಮೈಗೆಲ್ಲ ಕರೆಂಟು ಬರುವುದು. ಆದುದರಿಂದ ಬೋರ್ಡನ್ನು ಬಿಚ್ಚಿಸಿ ಕಣ್ಣಿನಿಂದ ನೋಡಬೇಕು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ರಕ್ಷಕವನ್ನು ಮನೆಯ ಮುಖ್ಯ ಬೋರ್ಡಿಗೆ ಹಾಕಿಸಿಕೊಳ್ಳುವುದು ಬಹಳ ಒಳ್ಳೆಯದು. ಕರೆಂಟು ಮನುಷ್ಯನ ಮೂಲಕ ಭೂಮಿಗೆ ಸೋರತೊಡಗಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುವುದು.

ಮೂರನೆಯ ಮೈಕಿನ ಪ್ರಶ್ನೆಗೆ ಉತ್ತರವು ಇಷ್ಟರಲ್ಲಿಯೇ ಬಂದಿತು: ಬೇಡ. ಇರುವ ಎರಡರಲ್ಲಿ ಒಂದನ್ನು ಯಾರಿಗಾದರೂ ಕೊಟ್ಟರೂ ಆದೀತು.

ಸಂಗೀತದವರಿಗೆ ಮಾತ್ರ ಸಂಬಂಧಿಸಿದ ಇನ್ನೊಂದು ವಿಷಯವುಂಟು. ಸದ್ದು ಅಡಗಿಸುವ ಏರ್ಪಾಡುಗಳು ಈಗ ಮಾತುಕತೆಯ ತಂತ್ರಾಂಶಗಳಲ್ಲಿಯೇ ಇರುತ್ತವೆ. ಒಂದೇ ಸಮನೆ ಕೇಳಿಬರುವುದೆಲ್ಲ ಬೇಡದ ಸದ್ದೆಂದೂ ಏರಿಳಿಯುವುದು ಮಾತೆಂದೂ ಅವು ಎಣಿಸಿಕೊಳ್ಳುತ್ತವೆ. ಮಾತಿಗೆ ಇದು ಸರಿಯೇ. ಆದರೆ ಒಂದೇ ಸಮನೆ ನುಡಿಯುವುದೇ ತಂಬೂರಿಯ ಧರ್ಮವಲ್ಲವೆ? ಗುಂಯ್‌ಕಾರದೊಡನೆ ಶ್ರುತಿಯನ್ನೂ ಅದು ಒರೆಸಿಹಾಕುತ್ತದೆ. ದೀರ್ಘವಾಗಿ ಹಿಡಿದ ಷಡ್ಜವು ನಡುನಡುವೆ ಕರಗಿಹೋಗುತ್ತದೆ. ಆ ಕಡೆಯ ಮಗುವು ಮೇಷ್ಟರಿಗೆ ಉಸಿರು ಸಾಲದೆಂದು ತಿಳಿಯುತ್ತದೆ. ಜೂಮ್ ಎಂಬುದರಲ್ಲಿ ಪಾಠ ಹೇಳುವವರು ಸೆಟ್ಟಿಂಗ್ಸ್‌ನ ಆಡಿಯೋ ಭಾಗದಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಎಂಬುದನ್ನು ಆರಿಸಿಕೊಂಡು, ಪಾಠ ಆರಂಭವಾದ ಮೇಲೆ ಪರದೆಯ ಮೇಲೆ ಕಾಣುವ ಅದೇ ಹೆಸರಿನ ಗುಂಡಿಯೂ ಹೊತ್ತಿರುವುದೇ ಎಂದು ನೋಡಿಕೊಳ್ಳಬೇಕು. ಆಗ ಪ್ರತಿಧ್ವನಿ ಬಾರದಂತೆ ಇಬ್ಬರೂ ಹೆಡ್‌ಫೋನು ಹಾಕಿಕೊಳ್ಳುವುದು ಒಳಿತು. ಅಡಗಿಸುವಿಕೆ ಇಲ್ಲವಾದ್ದರಿಂದ ಮನೆಯಲ್ಲಿ ಉಳಿದಿರುವ ಗುಂಯ್‌ಕಾರವೆಲ್ಲ ಸ್ಪಷ್ಟವಾಗಿ ಆ ಕಡೆಗೆ ಹೋಗುವುದು. ಎಂತಲೇ ಮೇಲೆ ಹೇಳಿದ ಕೆಲಸಗಳನ್ನು ಮುಗಿಸಿಕೊಂಡ ಮೇಲೆ ಇದನ್ನು ಆರಿಸತಕ್ಕದ್ದು, ಮುಂಚೆಯಲ್ಲ.